ರಾತ್ರಿ ಮಾತ್ರ ಟ್ರಿಪ್ ಆಗುತ್ತಿದ್ದ ಪವರ್ ಸಪ್ಲೈ: ಒಂದು ಪ್ರಕರಣ ಅಧ್ಯಯನ

ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆದಾಗ ಮೊದಲು ಎದುರಾದದ್ದು ಸುಟ್ಟ ವಾಸನೆ. ಬೆಂಚಿನ ಮೇಲಿದ್ದ ಮೋಟರ್ ಕಂಟ್ರೋಲರ್ ಬೋರ್ಡಿನ ಒಂದು ಮೂಲೆ ಇದ್ದಿಲಾಗಿತ್ತು. ಅದಕ್ಕೆ ವಿದ್ಯುತ್ ಕೊಡುತ್ತಿದ್ದ ಪವರ್ ಸಪ್ಲೈ ಮಾತ್ರ ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಫಲಕದಲ್ಲಿ 1.9 ವೋಲ್ಟ್, 20.0 ಆಂಪಿಯರ್ ಎಂಬ ಅಂಕಿಗಳು. ಯಾವ ಎಚ್ಚರಿಕೆಯ ದೀಪವೂ ಉರಿದಿರಲಿಲ್ಲ. ಗುಣಿಸಿ ನೋಡಿದರೆ 38 ವ್ಯಾಟ್. ಬೆರಳ ತುದಿಯಷ್ಟು ಜಾಗದಲ್ಲಿ, ಎಷ್ಟು ಗಂಟೆಗಳಿಂದಲೋ, ಒಂದು ಸಣ್ಣ ಬೆಸುಗೆ ಕಡ್ಡಿಯಷ್ಟು ಶಾಖ ಸುರಿಯುತ್ತಿತ್ತು.

ಬೆಂಗಳೂರಿನ ಪೀಣ್ಯದ ಒಂದು ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ನಡೆದದ್ದು ಇದು. ಬೆಂಕಿ ಹತ್ತಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಬೋರ್ಡ್ ಸುಡುವುದಕ್ಕೆ ಎರಡು ವಾರ ಮೊದಲಿನಿಂದಲೂ ಇನ್ನೊಂದು ಪವರ್ ಸಪ್ಲೈ ನಮಗೆ ಪ್ರತಿ ರಾತ್ರಿ ವಿಷಯವನ್ನು ಸರಿಯಾಗಿಯೇ ಹೇಳುತ್ತಿತ್ತು. ಅದಕ್ಕೆ ನಾವು 'ದೋಷಯುಕ್ತ' ಎಂಬ ಕೆಂಪು ಚೀಟಿ ಅಂಟಿಸಿ ಕಪಾಟಿನಲ್ಲಿ ಇಟ್ಟಿದ್ದೆವು. ಈ ಪ್ರಕರಣವನ್ನು ಬಿಡಿಸಿ ಬರೆಯಬೇಕೆಂದು ನನಗೆ ಅನ್ನಿಸಿದ್ದು ಅದಕ್ಕಾಗಿಯೇ.

ಬೆಂಚಿನ ವ್ಯವಸ್ಥೆ

ಗ್ರಾಹಕರೊಬ್ಬರು 24 ವೋಲ್ಟಿನ ಬ್ರಷ್‌ರಹಿತ ಮೋಟರಿನ ಕಂಟ್ರೋಲರ್ ಅನ್ನು ಬಾಳಿಕೆ ಪರೀಕ್ಷೆಗೆ ಕೊಟ್ಟಿದ್ದರು. ಮೋಟರಿನ ಶಾಫ್ಟಿಗೆ ಒಂದು ಫ್ಲೈವೀಲ್, ಅಂದರೆ ಭಾರದ ಚಕ್ರ, ಕೂರಿಸಿ, ನಿಮಿಷಕ್ಕೆ 3000 ಸುತ್ತಿನವರೆಗೆ ಓಡಿಸಿ, ಬ್ರೇಕ್ ಹಾಕಿ ನಿಲ್ಲಿಸುವುದು. 30 ಸೆಕೆಂಡಿಗೆ ಒಂದು ಆವರ್ತ, ಒಟ್ಟು 20,000 ಆವರ್ತ. ಅಂದರೆ ಹಗಲು ರಾತ್ರಿ ಸೇರಿ ಸುಮಾರು ಏಳು ದಿನದ ಕೆಲಸ. ರಾತ್ರಿ ಯಾರೂ ಇರುತ್ತಿರಲಿಲ್ಲ, ಕಂಪ್ಯೂಟರಿನಲ್ಲಿದ್ದ ಒಂದು ಸ್ಕ್ರಿಪ್ಟ್ ಎಲ್ಲವನ್ನೂ ನಡೆಸುತ್ತಿತ್ತು.

ವಿದ್ಯುತ್ ಮೂಲವಾಗಿ ಇದ್ದದ್ದು 60 ವೋಲ್ಟ್, 25 ಆಂಪಿಯರ್ ಸಾಮರ್ಥ್ಯದ ಪ್ರೋಗ್ರಾಮೆಬಲ್ ಡಿಸಿ ಪವರ್ ಸಪ್ಲೈ. 24 ವೋಲ್ಟಿಗೆ ಇಟ್ಟಿದ್ದೆವು, ಕರೆಂಟ್ ಮಿತಿ 20 ಆಂಪಿಯರ್. ಅತಿವೋಲ್ಟೇಜ್ ರಕ್ಷಣೆ, ಅಂದರೆ ಎಲ್ಲರೂ ಓವಿಪಿ ಎಂದು ಕರೆಯುವ ಮಿತಿ, 26.4 ವೋಲ್ಟ್: 24ರ ಮೇಲೆ ಶೇಕಡಾ ಹತ್ತು. ಫ್ಲೈವೀಲ್ ಇದ್ದುದರಿಂದ ಮೋಟರನ್ನು ಜಾಲರಿಯ ಪಂಜರದೊಳಗೆ ಇರಿಸಿದ್ದೆವು. ಅಲ್ಲಿಗೆ ನಾಲ್ಕು ಮೀಟರ್ ಉದ್ದದ, 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹೋಗಿತ್ತು.

ಈ ವೈರಿನ ಲೆಕ್ಕವನ್ನು ಇಲ್ಲಿಯೇ ಮಾಡಿಬಿಡೋಣ, ಮುಂದೆ ಬೇಕಾಗುತ್ತದೆ. ಹೋಗಿ ಬರುವ ಉದ್ದ ಎಂಟು ಮೀಟರ್, ಪ್ರತಿರೋಧ ಸುಮಾರು 64 ಮಿಲಿಓಮ್. ಮೋಟರ್ ಹೊರಡುವಾಗ 15 ಆಂಪಿಯರ್ ಎಳೆಯುತ್ತಿತ್ತು, ಆಗ ವೈರಿನಲ್ಲಿಯೇ ಹತ್ತಿರ ಹತ್ತಿರ ಒಂದು ವೋಲ್ಟ್ ಕಳೆದುಹೋಗುತ್ತದೆ. ಇದನ್ನು ಸರಿದೂಗಿಸಲು ರಿಮೋಟ್ ಸೆನ್ಸ್ ಬಳಸಿದ್ದೆವು: ಎರಡು ತೆಳು ವೈರುಗಳು ಬೋರ್ಡಿನ ಬಳಿಯ ವೋಲ್ಟೇಜನ್ನು ಅಳೆದು ಹಿಂದಕ್ಕೆ ತಿಳಿಸುತ್ತವೆ, ಪವರ್ ಸಪ್ಲೈ ಅಷ್ಟಕ್ಕಷ್ಟು ಹೆಚ್ಚು ಕೊಡುತ್ತದೆ. ಬೋರ್ಡಿನಲ್ಲಿ 24 ಇರಬೇಕಾದರೆ ಪವರ್ ಸಪ್ಲೈಯ ತುದಿಯಲ್ಲಿ ಆ ಕ್ಷಣಕ್ಕೆ 25 ಇರುತ್ತದೆ. ನಮ್ಮ ಯಂತ್ರ ಓವಿಪಿಯನ್ನು ನೋಡುತ್ತಿದ್ದದ್ದು ಸೆನ್ಸ್ ತುದಿಯಲ್ಲಲ್ಲ, ತನ್ನ ಔಟ್‌ಪುಟ್ ತುದಿಯಲ್ಲಿ. ಹಾಗಾಗಿ ಮೋಟರ್ ಹೊರಡುವಾಗ ನಮಗಿದ್ದ ಅಂತರ 2.4 ವೋಲ್ಟಲ್ಲ, 1.4 ವೋಲ್ಟ್ ಮಾತ್ರ.

ಮೊದಲ ಎರಡು ವಾರ

ಪರೀಕ್ಷೆ ಶುರುವಾದ ಮೊದಲ ಸಂಜೆ ನಾಲ್ಕು ಗಂಟೆಯಿಂದ ಏಳರವರೆಗೆ ಎಲ್ಲವೂ ಸುಗಮವಾಗಿತ್ತು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಔಟ್‌ಪುಟ್ ಕಡಿತವಾಗಿತ್ತು, ಫಲಕದಲ್ಲಿ ಓವಿಪಿ ಎಂಬ ಅಕ್ಷರಗಳು. ಮತ್ತೆ ಚಾಲೂ ಮಾಡಿದೆವು, ಹಗಲೆಲ್ಲ ತೊಂದರೆಯಿಲ್ಲ. ರಾತ್ರಿ ಮತ್ತೆ ಟ್ರಿಪ್. ಮೂರು ರಾತ್ರಿಗಳು ಹೀಗೆ ಕಳೆದವು. ರಾತ್ರಿ ಪೀಣ್ಯದ ಕಾರ್ಖಾನೆಗಳ ಹೊರೆ ಇಳಿದಾಗ ಲೈನ್ ವೋಲ್ಟೇಜ್ ಏರುತ್ತದೆ, ಅದರಿಂದಲೇ ಇರಬೇಕು ಎಂದು ಯಾರೋ ಅಂದರು, ಉಳಿದವರು ತಲೆದೂಗಿದರು. ಒಳಬರುವ 230 ವೋಲ್ಟ್ ಹತ್ತಿಪ್ಪತ್ತು ವೋಲ್ಟ್ ಅತ್ತಿತ್ತ ಆದರೆ ಔಟ್‌ಪುಟ್ ಕದಲದಂತೆ ನೋಡಿಕೊಳ್ಳುವುದೇ ಇಂಥ ಯಂತ್ರದ ಕೆಲಸ. ಆ ವಿವರಣೆಯನ್ನು ನಾವು ಅಷ್ಟು ಸುಲಭವಾಗಿ ಒಪ್ಪಬಾರದಿತ್ತು.

ಆಗ ಸ್ಕ್ರಿಪ್ಟಿಗೆ ಎರಡು ಸಾಲು ಸೇರಿಸಲಾಯಿತು. ಆವರ್ತ ಮುಗಿಯದೆ ನಿಂತರೆ ಮೊದಲು ರಕ್ಷಣೆಯ ಲಾಚ್, ಅಂದರೆ ಟ್ರಿಪ್ ಆದ ಔಟ್‌ಪುಟ್ಟನ್ನು ಹಾಗೆಯೇ ಕಡಿದಿಡುವ ಬೀಗ, ತೆರವುಗೊಳಿಸುವ ಆದೇಶ, ಅದರ ಹಿಂದೆಯೇ ಸ್ಥಿತಿ ದಾಖಲೆಗಳನ್ನೆಲ್ಲ ಅಳಿಸುವ ಸಿಎಲ್‌ಎಸ್ ಆದೇಶ, ಆಮೇಲೆ ಔಟ್‌ಪುಟ್ ಮತ್ತೆ ಚಾಲೂ. ಈ ಬದಲಾವಣೆಗೆ ಒಪ್ಪಿಗೆ ಕೊಟ್ಟವನು ನಾನೇ. ಗ್ರಾಹಕರು ಗಡುವು ಕೇಳುತ್ತಿದ್ದರು, ಪರೀಕ್ಷೆ ಮುಂದುವರಿಯಬೇಕಿತ್ತು. ಆ ರಾತ್ರಿ ಸ್ಕ್ರಿಪ್ಟ್ 41 ಬಾರಿ ಲಾಚ್ ತೆರೆದು ಮುಂದೆ ಸಾಗಿತ್ತು. ಒಂದು ಬಾರಿಯಾದರೂ ಏಕೆ ಬಿತ್ತು ಎಂಬ ಗುರುತು ಎಲ್ಲಿಯೂ ಉಳಿದಿರಲಿಲ್ಲ.

ಕೊನೆಗೆ ಪವರ್ ಸಪ್ಲೈಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಕ್ಯಾಲಿಬ್ರೇಷನ್‌ಗೆ ಕಳುಹಿಸಿದೆವು. 'ದೋಷ ಕಂಡುಬಂದಿಲ್ಲ' ಎಂಬ ಪ್ರಮಾಣಪತ್ರದೊಂದಿಗೆ ಅದು ವಾಪಸು ಬಂತು. ನಂಬದೆ ಕೆಂಪು ಚೀಟಿ ಅಂಟಿಸಿದೆವು. ಬೇರೊಂದು ತಯಾರಿಕೆಯ, ಅಷ್ಟೇ ಸಾಮರ್ಥ್ಯದ ಯಂತ್ರವನ್ನು ಬೆಂಚಿಗೆ ಇಟ್ಟೆವು. ಮೂರು ರಾತ್ರಿ ಒಂದೂ ಟ್ರಿಪ್ ಇಲ್ಲ. ನಮ್ಮ ಊಹೆ ಸರಿಯಾಯಿತೆಂದು ಎಲ್ಲರಿಗೂ ಸಮಾಧಾನವಾಯಿತು. ನಾಲ್ಕನೆಯ ಬೆಳಿಗ್ಗೆಯೇ ಆ ಸುಟ್ಟ ವಾಸನೆ.

ಓವಿಪಿ ಏನನ್ನು ನೋಡುತ್ತದೆ

ತನಿಖೆಗೆ ಕುಳಿತಾಗ ನಾವು ಮೊದಲು ಮಾಡಿದ ಕೆಲಸ, ಓವಿಪಿ ನಿಜವಾಗಿ ಹೇಗೆ ಕೆಲಸ ಮಾಡುತ್ತದೆಂದು ನಮಗೆ ನಾವೇ ವಿವರಿಸಿಕೊಂಡದ್ದು. ಪವರ್ ಸಪ್ಲೈಯಲ್ಲಿ ಔಟ್‌ಪುಟ್ ವೋಲ್ಟೇಜನ್ನು ಹಿಡಿದಿಡುವುದು ಒಂದು ನಿಯಂತ್ರಣ ವಲಯ: ಬೇಕಾದದ್ದು ಎಷ್ಟು, ಇರುವುದು ಎಷ್ಟು ಎಂದು ಹೋಲಿಸಿ ವ್ಯತ್ಯಾಸವನ್ನು ತಿದ್ದುತ್ತಲೇ ಇರುತ್ತದೆ. ಓವಿಪಿ ಈ ವಲಯದ ಭಾಗವಲ್ಲ, ಆಗಿರಲೂ ಬಾರದು. ವಲಯವೇ ಕೈಕೊಟ್ಟಾಗ, ಅಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಅಥವಾ ಸೆನ್ಸ್ ವೈರುಗಳು ಅದಲುಬದಲಾದಾಗ, ಅದನ್ನು ಹಿಡಿಯಬೇಕಾದ ಕಾವಲುಗಾರ ಅದೇ ವಲಯದ ಮಾತನ್ನು ನಂಬಿ ಕೂರುವಂತಿಲ್ಲ. ಅದಕ್ಕಾಗಿ ಓವಿಪಿಗೆ ಬೇರೆಯೇ ಆಧಾರ ವೋಲ್ಟೇಜ್, ಬೇರೆಯೇ ಅಳತೆಯ ದಾರಿ, ಬೇರೆಯೇ ಹೋಲಿಕೆ ಸರ್ಕ್ಯೂಟ್ ಇರುತ್ತದೆ. ಮಿತಿ ದಾಟಿದೊಡನೆ ಒಂದು ಲಾಚ್ ಬೀಳುತ್ತದೆ, ಸ್ವಿಚಿಂಗ್ ನಿಲ್ಲುತ್ತದೆ, ಔಟ್‌ಪುಟ್ ಸತ್ತುಹೋಗುತ್ತದೆ. ಲಾಚ್ ತಾನಾಗಿ ಏಳುವುದಿಲ್ಲ. ಮನುಷ್ಯ ಬಂದು ಎಬ್ಬಿಸಬೇಕೆಂದೇ ಅದನ್ನು ಹಾಗೆ ಮಾಡಿದ್ದಾರೆ.

ಕೆಲವು ಯಂತ್ರಗಳಲ್ಲಿ ಇದರ ಜೊತೆಗೆ ಕ್ರೋಬಾರ್ ಇರುತ್ತದೆ: ಔಟ್‌ಪುಟ್ಟಿಗೆ ಅಡ್ಡಲಾಗಿ ಒಂದು ಎಸ್‌ಸಿಆರ್, ಅಂದರೆ ಒಮ್ಮೆ ಚಾಲೂ ಆದರೆ ಕರೆಂಟ್ ಹರಿಯುವವರೆಗೂ ಹಾಗೆಯೇ ಇರುವ ಅರೆವಾಹಕ ಸ್ವಿಚ್. ಓವಿಪಿ ಬಿದ್ದ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಅದು ಔಟ್‌ಪುಟ್ಟನ್ನೇ ಶಾರ್ಟ್ ಮಾಡಿ ವೋಲ್ಟೇಜನ್ನು ಕೆಳಗೆಳೆಯುತ್ತದೆ. ಹೊರೆಯ ಜಾಗದಲ್ಲಿ ಬ್ಯಾಟರಿ ಇದ್ದರೆ ಇದು ಅಪಾಯಕಾರಿ, ಏಕೆಂದರೆ ಬ್ಯಾಟರಿ ತನ್ನೆಲ್ಲ ಕರೆಂಟನ್ನು ಆ ಎಸ್‌ಸಿಆರ್ ಮೂಲಕ ಸುರಿಯುತ್ತದೆ. ಬ್ಯಾಟರಿ ಚಾರ್ಜ್ ಮಾಡಲು ಇಂಥ ಯಂತ್ರ ಬಳಸುವವರು ನಡುವೆ ಡಯೋಡ್ ಅಥವಾ ಫ್ಯೂಸ್ ಹಾಕಲೇಬೇಕು. ನಮ್ಮ ಯಂತ್ರದಲ್ಲಿ ಕ್ರೋಬಾರ್ ಇರಲಿಲ್ಲ.

ಈ ವಿವರಣೆಯಿಂದ ಒಂದು ಮಾತು ಸ್ಪಷ್ಟವಾಯಿತು. ಔಟ್‌ಪುಟ್ ತುದಿಯಲ್ಲಿ ವೋಲ್ಟೇಜ್ ಏರಿದೆಯೇ ಎಂದಷ್ಟೇ ಓವಿಪಿ ನೋಡುತ್ತದೆ. ಏರಿಸಿದವರು ಯಾರೆಂದು ಅದು ಕೇಳುವುದಿಲ್ಲ. ನಾವು ಎರಡು ವಾರ ಪವರ್ ಸಪ್ಲೈಯೇ ಏರಿಸುತ್ತಿದೆ ಎಂದುಕೊಂಡಿದ್ದೆವು. ಹೊರೆಯ ಕಡೆಯಿಂದ ವೋಲ್ಟೇಜ್ ಬರಬಹುದೆಂಬ ಯೋಚನೆಯೇ ನಮಗೆ ಬಂದಿರಲಿಲ್ಲ.

ಫ್ಲೈವೀಲಿನ ಲೆಕ್ಕ

ಫ್ಲೈವೀಲಿನ ಜಡತ್ವ 0.002 ಕಿಲೋಗ್ರಾಂ ಚದರ ಮೀಟರ್. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 314 ರೇಡಿಯನ್. ಅದರಲ್ಲಿರುವ ಚಲನ ಶಕ್ತಿ ಸುಮಾರು 99 ಜೂಲ್. ಕಂಟ್ರೋಲರ್ ಬ್ರೇಕ್ ಹಾಕಿದಾಗ ಮೋಟರ್ ಜನರೇಟರ್ ಆಗುತ್ತದೆ. ಶಕ್ತಿಯ ಬಹುಪಾಲು ಸುರುಳಿಗಳಲ್ಲೂ ಬೇರಿಂಗಿನಲ್ಲೂ ಶಾಖವಾಗಿ ಮುಗಿದುಹೋಗುತ್ತದೆ, ಉಳಿದದ್ದು ವೈರಿನಲ್ಲಿ ಹಿಂದಕ್ಕೆ ಬರುತ್ತದೆ. ಬ್ಯಾಟರಿಯಿದ್ದರೆ ಅದನ್ನು ನುಂಗಿಕೊಳ್ಳುತ್ತಿತ್ತು. ಸಾಮಾನ್ಯ ಪವರ್ ಸಪ್ಲೈಗೆ ಕೊಡುವುದು ಗೊತ್ತು, ತೆಗೆದುಕೊಳ್ಳುವುದು ಗೊತ್ತಿಲ್ಲ. ಬಂದದ್ದೆಲ್ಲ ಕೆಪ್ಯಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ.

ಪವರ್ ಸಪ್ಲೈಯ ಔಟ್‌ಪುಟ್ ಕೆಪ್ಯಾಸಿಟರುಗಳು ಮತ್ತು ಬೋರ್ಡಿನವು ಸೇರಿ ಸುಮಾರು 4000 ಮೈಕ್ರೋಫ್ಯಾರಡ್. 24 ವೋಲ್ಟಿನಲ್ಲಿ ಅವು ಹಿಡಿದಿಡುವುದು 1.15 ಜೂಲ್, 26.4ರಲ್ಲಿ 1.39 ಜೂಲ್. ವ್ಯತ್ಯಾಸ ಕಾಲು ಜೂಲಿಗೂ ಕಡಿಮೆ. ತೊಂಬತ್ತೊಂಬತ್ತು ಜೂಲಿನಲ್ಲಿ ಕಾಲು ಜೂಲ್ ಹಿಂದಕ್ಕೆ ಬಂದು ಉಳಿದರೆ ಸಾಕು, ಓವಿಪಿ ಬೀಳುತ್ತದೆ. ಈ ಲೆಕ್ಕ ಹಾಳೆಯ ಮೇಲೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆಯೇ ತಿರುಗಿತು. ರಾತ್ರಿ ಏಕೆ ಬೀಳುತ್ತಿತ್ತು ಎನ್ನುವುದಕ್ಕಿಂತ ಹಗಲಿನಲ್ಲಿ ಏಕೆ ಬೀಳುತ್ತಿರಲಿಲ್ಲ ಎನ್ನುವುದು ಕಷ್ಟದ ಪ್ರಶ್ನೆಯಾಯಿತು.

ಉತ್ತರಕ್ಕಾಗಿ ಕೆಂಪು ಚೀಟಿಯ ಯಂತ್ರವನ್ನು ಮತ್ತೆ ಬೆಂಚಿಗೆ ತಂದು, ಹೊಸ ಬೋರ್ಡ್ ಹಾಕಿ, ಆಸಿಲೋಸ್ಕೋಪಿಗೆ ಕರೆಂಟ್ ಪ್ರೋಬ್ ಜೋಡಿಸಿ ಕಾದೆವು. ಆರಂಭದಲ್ಲಿ ಬ್ರೇಕಿನ ವೇಳೆ ಹಿಂದಕ್ಕೆ ಬರುತ್ತಿದ್ದ ಕರೆಂಟಿನ ಶಿಖರ 0.8 ಆಂಪಿಯರ್. ಮೂರು ಗಂಟೆಯ ನಂತರ ಅದೇ ಶಿಖರ 1.6 ಆಂಪಿಯರಿಗೆ ಏರಿತ್ತು. ಮೋಟರಿನ ತುದಿಯನ್ನು ಮುಟ್ಟಿ ನೋಡಿದ ನಮ್ಮ ಹಿರಿಯ ತಂತ್ರಜ್ಞರು, "ಸರ್, ಬೇರಿಂಗ್ ಚೆನ್ನಾಗಿ ಬಿಸಿಯಾಗಿದೆ, ಗ್ರೀಸ್ ಕರಗಿ ಸಡಿಲವಾಗಿರಬೇಕು" ಎಂದರು. ಅವರು ಹೇಳಿದ್ದೇ ಸರಿ. ಗ್ರೀಸ್ ಗಟ್ಟಿಯಾಗಿದ್ದಾಗ ಶಕ್ತಿಯ ದೊಡ್ಡ ಪಾಲನ್ನು ಅದೇ ತಿನ್ನುತ್ತಿತ್ತು, ಬಿಸಿಯಾಗಿ ತೆಳುವಾದ ಮೇಲೆ ಆ ಪಾಲು ವೈರಿನಲ್ಲಿ ಹಿಂದಕ್ಕೆ ಬರತೊಡಗಿತು. ಹಗಲಿನಲ್ಲಿ ನಾವು ಆಗಾಗ ಪರೀಕ್ಷೆ ನಿಲ್ಲಿಸಿ ಅಳತೆ ತೆಗೆಯುತ್ತಿದ್ದೆವು, ಬೇರಿಂಗ್ ತಣ್ಣಗಾಗುತ್ತಿತ್ತು. ರಾತ್ರಿ ಅದಕ್ಕೆ ಬಿಡುವೇ ಇರಲಿಲ್ಲ.

ಇನ್ನೊಂದು ಕೊಂಡಿ ಪವರ್ ಸಪ್ಲೈಯ ಒಳಗಿತ್ತು. ಇಂಥ ಅನೇಕ ಯಂತ್ರಗಳಲ್ಲಿ ಡೌನ್ ಪ್ರೋಗ್ರಾಮರ್ ಎಂಬ ಸಣ್ಣ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಇಳಿಸಲು ಆದೇಶ ಬಂದಾಗ ಔಟ್‌ಪುಟ್ ಕೆಪ್ಯಾಸಿಟರುಗಳನ್ನು ಬೇಗ ಖಾಲಿ ಮಾಡುವುದು ಅದರ ಕೆಲಸ. ನಮ್ಮದರಲ್ಲಿ ಅದು ಸುಮಾರು ಒಂದು ಆಂಪಿಯರ್ ಎಳೆಯಬಲ್ಲದಾಗಿತ್ತು. ಹಿಂದಕ್ಕೆ ಬರುವ ಕರೆಂಟ್ 0.8 ಇದ್ದಷ್ಟು ಹೊತ್ತು ಈ ಪುಟ್ಟ ಸರ್ಕ್ಯೂಟ್ ಯಾರಿಗೂ ಹೇಳದೆ ಅದನ್ನು ನುಂಗಿ ಹಾಕುತ್ತಿತ್ತು. 1.6 ಆದಾಗ 0.6 ಆಂಪಿಯರ್ ಮಿಕ್ಕಿತು. 0.6 ಆಂಪಿಯರ್ 4000 ಮೈಕ್ರೋಫ್ಯಾರಡ್ ಒಳಗೆ ಹರಿದರೆ ವೋಲ್ಟೇಜ್ ಸೆಕೆಂಡಿಗೆ 150ರಂತೆ ಏರುತ್ತದೆ. 24ರಿಂದ 26.4ಕ್ಕೆ 16 ಮಿಲಿಸೆಕೆಂಡು. ಆಸಿಲೋಸ್ಕೋಪಿನ ಪರದೆಯಲ್ಲಿ ಕಂಡದ್ದೂ ಹೆಚ್ಚುಕಡಿಮೆ ಅಷ್ಟೇ. ಆ ಪುಟ್ಟ ಇಳಿಜಾರು ಗೆರೆ ಪರದೆಯ ಮೇಲೆ ಮೂಡಿ ಓವಿಪಿ ಬಿದ್ದ ಕ್ಷಣದಲ್ಲಿ ನನಗಾದ ಸಂತೋಷವನ್ನು ಈಗಲೂ ಮರೆತಿಲ್ಲ.

ಟ್ರಿಪ್ ಆಗದ ಯಂತ್ರ

ಹಾಗಾದರೆ ಎರಡನೆಯ ಪವರ್ ಸಪ್ಲೈ ಏಕೆ ಬೀಳಲಿಲ್ಲ? ಅದರ ಸೆಟ್ಟಿಂಗುಗಳನ್ನು ಒಂದೊಂದಾಗಿ ಓದಿದೆವು. ಓವಿಪಿ ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು: 66 ವೋಲ್ಟ್, ಅಂದರೆ ಯಂತ್ರದ ಗರಿಷ್ಠ 60ರ ಶೇಕಡಾ 110. ಸ್ಕ್ರಿಪ್ಟಿನಲ್ಲಿದ್ದ ಓವಿಪಿ ಆದೇಶವನ್ನು ಮೊದಲ ಯಂತ್ರದ ಉಪಭಾಷೆಯಲ್ಲಿ ಬರೆಯಲಾಗಿತ್ತು. ಹೊಸ ಯಂತ್ರಕ್ಕೆ ಅದು ಅರ್ಥವಾಗದೆ ತನ್ನೊಳಗಿನ ತಪ್ಪುಗಳ ಪಟ್ಟಿಗೆ ಒಂದು ನಮೂದು ಸೇರಿಸಿ ಸುಮ್ಮನಾಗಿತ್ತು. ಆ ಪಟ್ಟಿಯನ್ನು ಸ್ಕ್ರಿಪ್ಟ್ ಓದುತ್ತಿರಲಿಲ್ಲ. 66 ವೋಲ್ಟಿನ ಮಿತಿ ಆ ಯಂತ್ರವನ್ನು ಕಾಪಾಡುತ್ತದೆ, 24 ವೋಲ್ಟಿನ ಬೋರ್ಡನ್ನಲ್ಲ.

ಆಮೇಲಿನದ್ದನ್ನು ಸುಟ್ಟ ಬೋರ್ಡನ್ನು ನೋಡಿ ಊಹಿಸಬಹುದಿತ್ತು. ಪ್ರತಿ ಬ್ರೇಕಿಗೂ ವೋಲ್ಟೇಜ್ ಏರಿ, ಬೋರ್ಡಿನ ಒಳಬಾಗಿಲಲ್ಲಿದ್ದ ಟಿವಿಎಸ್ ಡಯೋಡ್ ಸುಮಾರು 31 ವೋಲ್ಟಿಗೆ ಹರಿಯಲು ಶುರು ಮಾಡುತ್ತಿತ್ತು. ಅದು ಇರುವುದು ಮಿಲಿಸೆಕೆಂಡಿನ ವೋಲ್ಟೇಜ್ ಸಿಡಿತಗಳನ್ನು ತಡೆಯುವುದಕ್ಕೆ. ಆವರ್ತಕ್ಕೊಮ್ಮೆ ಅದರ ಮೈಮೇಲೆ ಹತ್ತಾರು ವ್ಯಾಟ್ ಒಂದು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಸುರಿಯುತ್ತಿತ್ತು. ಮೂರು ರಾತ್ರಿ ತಾಳಿಕೊಂಡು ನಾಲ್ಕನೆಯ ರಾತ್ರಿ ಅದು ಶಾರ್ಟ್ ಆಯಿತು. ಟಿವಿಎಸ್ ಡಯೋಡುಗಳು ಸಾಮಾನ್ಯವಾಗಿ ಸಾಯುವುದು ಹಾಗೆಯೇ.

ಶಾರ್ಟ್ ಆದ ಮೇಲಾದರೂ ಪವರ್ ಸಪ್ಲೈ ನಿಲ್ಲಬೇಕಿತ್ತಲ್ಲ ಎಂದು ಗ್ರಾಹಕರ ಎಂಜಿನಿಯರ್ ಕೇಳಿದರು. ಹೊಸದಾಗಿ ಬೆಂಚಿಗೆ ಬರುವ ಬಹುತೇಕರು ಎಡವುವುದು ಇಲ್ಲಿಯೇ. ಕರೆಂಟ್ ಮಿತಿ ಬೇರೆ, ಅತಿಕರೆಂಟ್ ರಕ್ಷಣೆ, ಅಂದರೆ ಓಸಿಪಿ, ಬೇರೆ. ಮಿತಿ 20 ಆಂಪಿಯರ್ ಎಂದರೆ ಯಂತ್ರ 20 ಆಂಪಿಯರಿಗಿಂತ ಹೆಚ್ಚು ಕೊಡುವುದಿಲ್ಲ, ಆದರೆ 20 ಆಂಪಿಯರನ್ನು ಕೊಡುತ್ತಲೇ ಇರುತ್ತದೆ. ವೋಲ್ಟೇಜನ್ನು ಬೇಕಾದಷ್ಟು ಇಳಿಸಿಕೊಂಡು ಸ್ಥಿರ ಕರೆಂಟಿನ ಸ್ಥಿತಿಗೆ ಜಾರುತ್ತದೆ. ಯಂತ್ರದ ದೃಷ್ಟಿಯಲ್ಲಿ ಅದು ಸಹಜವಾದ ಕೆಲಸ, ತಪ್ಪಲ್ಲ. ಆ ಸ್ಥಿತಿಗೆ ಜಾರಿದರೆ ಔಟ್‌ಪುಟ್ ಕಡಿಯಬೇಕೆಂದು ಹೇಳುವುದೇ ಓಸಿಪಿ. ನಮ್ಮ ಎರಡನೆಯ ಯಂತ್ರದಲ್ಲಿ ಅದು ಆಫ್ ಆಗಿತ್ತು. ಬೋರ್ಡಿನಲ್ಲಿದ್ದ ಫ್ಯೂಸ್ 25 ಆಂಪಿಯರಿನದು. ನಮ್ಮ 20ರ ಮಿತಿ ಆ ಫ್ಯೂಸ್ ಎಂದೂ ಕರಗದಂತೆ ನೋಡಿಕೊಂಡಿತು.

ಆವರ್ತ ಮುಗಿಯದಿದ್ದಾಗಲೆಲ್ಲ ಸ್ಕ್ರಿಪ್ಟ್ ತನ್ನ ಪಾಲಿನ ಕೆಲಸವನ್ನು ಮಾಡುತ್ತಿತ್ತು. ತೆರವು, ಅಳಿಸು, ಮತ್ತೆ ಚಾಲೂ. ಬೆಳಗಿನವರೆಗೂ.

ಬದಲಿಸಿದ್ದು

ಮೊದಲು ಶಕ್ತಿಗೆ ಹೋಗಲು ಒಂದು ದಾರಿ ಮಾಡಿಕೊಟ್ಟೆವು. ಬೋರ್ಡಿನ ತುದಿಯಲ್ಲಿ ಒಂದು ಎಲೆಕ್ಟ್ರಾನಿಕ್ ಲೋಡ್ ಅನ್ನು ಸ್ಥಿರ ವೋಲ್ಟೇಜ್ ಸ್ಥಿತಿಯಲ್ಲಿ 25.2ಕ್ಕೆ ಇರಿಸಿ ಸಮಾಂತರವಾಗಿ ಜೋಡಿಸಿದೆವು. ಅಲ್ಲಿ ವೋಲ್ಟೇಜ್ 24 ಇರುವಷ್ಟು ಹೊತ್ತು ಅದು ಮಲಗಿರುತ್ತದೆ, 25.2 ಮುಟ್ಟಿದೊಡನೆ ಮಿಕ್ಕಿದ್ದನ್ನೆಲ್ಲ ಎಳೆದು ಶಾಖವಾಗಿಸುತ್ತದೆ. ಪವರ್ ಸಪ್ಲೈಯ ಬಳಿ ಜೋಡಿಸಿದ್ದರೆ ಮೋಟರ್ ಹೊರಡುವಾಗಿನ 25 ವೋಲ್ಟಿಗೂ ಅದಕ್ಕೂ ಅಂತರವೇ ಉಳಿಯುತ್ತಿರಲಿಲ್ಲ, ಹಾಗಾಗಿ ಜಾಗ ಮುಖ್ಯವಾಗಿತ್ತು. ಓವಿಪಿಯನ್ನು ಮೊದಲ ಯಂತ್ರದಲ್ಲಿ 26.4ರಲ್ಲಿಯೇ ಬಿಟ್ಟೆವು, ಎರಡನೆಯದರಲ್ಲೂ ಅಷ್ಟಕ್ಕೇ ಇಳಿಸಿದೆವು. ಅದನ್ನು ಏರಿಸಬೇಕೆಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ.

ಕರೆಂಟ್ ಮಿತಿಯನ್ನು 17 ಆಂಪಿಯರಿಗೆ ಇಳಿಸಿ ಓಸಿಪಿಯನ್ನು ಆನ್ ಮಾಡಿ, 200 ಮಿಲಿಸೆಕೆಂಡು ವಿಳಂಬ ಕೊಟ್ಟೆವು. ಮೋಟರ್ ಹೊರಡುವ ಎಳೆತ ಸುಮಾರು 120 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಅದಕ್ಕಿಂತ ಹೆಚ್ಚು ಹೊತ್ತು ಮಿತಿಯಲ್ಲಿ ನಿಂತರೆ ಏನೋ ಕೆಟ್ಟಿದೆ ಎಂದೇ ಅರ್ಥ. ಈ ವಿಳಂಬದ ಗಡಿಯಾರ ಯಾವಾಗ ಓಡಲು ಶುರುವಾಗುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಔಟ್‌ಪುಟ್ಟಿನ ಸೆಟ್ಟಿಂಗ್ ಬದಲಾದಾಗ ಮಾತ್ರ, ಇನ್ನು ಕೆಲವದರಲ್ಲಿ ಮಿತಿಗೆ ಜಾರಿದ ಪ್ರತಿ ಸಲವೂ. ಮೊದಲನೆಯ ಬಗೆಯದಾದರೆ, ಓಡುತ್ತಿರುವ ನಡುವೆ ಬರುವ ಸಣ್ಣ ಎಳೆತಕ್ಕೂ ಅದು ತಕ್ಷಣ ಬಿದ್ದುಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ಕುಳಿತದ್ದು ಸ್ಕ್ರಿಪ್ಟಿನ ಮುಂದೆ. 1990ರಲ್ಲಿ ಬಂದ ಎಸ್‌ಸಿಪಿಐ ಎಂಬ ಆದೇಶ ಭಾಷೆ ಇಂಥ ಉಪಕರಣಗಳಿಗೆಲ್ಲ ಸಮಾನವಾದ ಒಂದು ಸ್ಥಿತಿ ದಾಖಲೆಯನ್ನು ಕೊಟ್ಟಿದೆ. ಅದು ಬಿಟ್‌ಗಳ, ಅಂದರೆ 1, 2, 4, 8, 16 ಹೀಗೆ ದುಪ್ಪಟ್ಟಾಗುವ ಬೆಲೆಯ ಮನೆಗಳ, ಸಾಲು: ಸೊನ್ನೆಯನೆಯ ಬಿಟ್ ವೋಲ್ಟೇಜಿನದು, ಒಂದನೆಯದು ಕರೆಂಟಿನದು, ನಾಲ್ಕನೆಯದು ತಾಪಮಾನದ್ದು. ನಮ್ಮ ಯಂತ್ರದಲ್ಲಿ ಓವಿಪಿ ಬಿದ್ದಿದ್ದರೆ ಓದಿದಾಗ 1 ಬರುತ್ತದೆ, ಓಸಿಪಿಯಾದರೆ 2, ಬಿಸಿಯಾಗಿದ್ದರೆ 16. ಇದರಲ್ಲೂ ಎರಡು ಬಗೆ: ಈಗಿನ ಸ್ಥಿತಿಯನ್ನು ತೋರಿಸುವ ದಾಖಲೆ ಒಂದು, ಆಗಿಹೋದದ್ದನ್ನು ನೆನಪಿಡುವ ದಾಖಲೆ ಇನ್ನೊಂದು. ಎರಡನೆಯದನ್ನು ಓದಿದೊಡನೆ ಅದು ಖಾಲಿಯಾಗುತ್ತದೆ, ಸಿಎಲ್‌ಎಸ್ ಕೊಟ್ಟರೆ ಓದದೆಯೇ ಖಾಲಿ. ನಮ್ಮ ಹಳೆಯ ಸ್ಕ್ರಿಪ್ಟ್ ಲಾಚನ್ನೂ ನೆನಪನ್ನೂ ಒಟ್ಟಿಗೆ ಒರೆಸುತ್ತಿತ್ತು. ಪಂಚನಾಮೆಗೆ ಮುನ್ನವೇ ಜಾಗ ಗುಡಿಸಿದ ಹಾಗೆ.

ಹೊಸ ಸ್ಕ್ರಿಪ್ಟ್ ಟ್ರಿಪ್ ಕಂಡರೆ ಎರಡೂ ದಾಖಲೆಗಳನ್ನು ಓದಿ, ಆ ಹೊತ್ತಿನ ವೋಲ್ಟೇಜ್, ಕರೆಂಟ್, ಆವರ್ತದ ಸಂಖ್ಯೆ, ಸಮಯ ಎಲ್ಲವನ್ನೂ ಫೈಲಿಗೆ ಬರೆದು ನಿಲ್ಲುತ್ತದೆ. ಲಾಚ್ ತೆರೆಯುವ ಆದೇಶ ಅದರಲ್ಲಿ ಇಲ್ಲವೇ ಇಲ್ಲ, ತೆರೆಯುವವರು ಫಲಕದ ಮುಂದೆ ನಿಂತು ತೆರೆಯಬೇಕು. ಮಿತಿಗಳನ್ನು ಕಳುಹಿಸಿದ ಮೇಲೆ ಅವನ್ನು ಯಂತ್ರದಿಂದ ವಾಪಸು ಓದಿ ಹೋಲಿಸುತ್ತದೆ, ಹೊಂದದಿದ್ದರೆ ಪರೀಕ್ಷೆಯನ್ನೇ ಶುರು ಮಾಡುವುದಿಲ್ಲ. ಕಂಪ್ಯೂಟರ್ ಹೆಪ್ಪುಗಟ್ಟಿದರೆಂದು ಪವರ್ ಸಪ್ಲೈಯ ಸಂವಹನ ವಾಚ್‌ಡಾಗ್ ಅನ್ನೂ ಆನ್ ಮಾಡಿದೆವು: ಹತ್ತು ಸೆಕೆಂಡು ಯಾವ ಆದೇಶವೂ ಬರದಿದ್ದರೆ ಔಟ್‌ಪುಟ್ ಕಡಿತ. ಕರೆಂಟ್ ಹೋಗಿ ಬಂದಾಗ ಔಟ್‌ಪುಟ್ ತಾನಾಗಿ ಚಾಲೂ ಆಗುವ ಆಯ್ಕೆಯನ್ನು ಎರಡೂ ಯಂತ್ರಗಳಲ್ಲಿ ತೆಗೆದೆವು.

ಗ್ರಾಹಕರ ವರದಿಯಲ್ಲಿ ನಮ್ಮ ಬೆಂಚಿನ ತಪ್ಪನ್ನು ಪೂರ್ತಿಯಾಗಿ ಬರೆದೆವು. ಅದರ ಜೊತೆಗೆ ಅವರಿಗೆ ಉಪಯೋಗವಾಗುವ ಒಂದು ಮಾತೂ ಇತ್ತು: ಈ ಕಂಟ್ರೋಲರನ್ನು ಬ್ಯಾಟರಿಯ ಬದಲು ಅಡಾಪ್ಟರಿಗೆ ಜೋಡಿಸುವ ಬಳಕೆದಾರರ ಬಳಿಯೂ ಇದೇ ಆಗುತ್ತದೆ. ಮುಂದಿನ ಬೋರ್ಡಿನಲ್ಲಿ ಅವರು ಬ್ರೇಕಿನ ಶಕ್ತಿಯನ್ನು ಸುಡಲೆಂದೇ ಒಂದು ರೆಸಿಸ್ಟರ್ ಮತ್ತು ಅದನ್ನು ನಡೆಸುವ ಸ್ವಿಚ್ ಸೇರಿಸಿದರು.

ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡಿದೆವು, ಕೆಂಪು ಚೀಟಿ ಕಿತ್ತ ಹಳೆಯ ಯಂತ್ರದಲ್ಲಿಯೇ. ಐದನೆಯ ರಾತ್ರಿ ಅದು ಒಮ್ಮೆ ನಿಂತಿತು. ಬೆಳಿಗ್ಗೆ ಹಿರಿಯ ತಂತ್ರಜ್ಞರು ಬಂದವರೇ ಫೈಲ್ ತೆರೆದರು. ದಾಖಲೆಯಲ್ಲಿ 16 ಇತ್ತು. ಯಂತ್ರದ ಮುಂದಿನ ಗಾಳಿ ಜಾಲರಿಯನ್ನು ಬಿಚ್ಚಿದಾಗ ಧೂಳು ಬಟ್ಟೆಯಂತೆ ಕಟ್ಟಿಕೊಂಡಿತ್ತು. ತೊಳೆದು, ಒಣಗಿಸಿ, ಹಾಕಿ, ಫೈಲಿನಲ್ಲಿ ಕಾರಣವನ್ನು ಬರೆದು, ಆಮೇಲೆ ಲಾಚ್ ತೆರೆದರು.